ಬರೆಯಹೊರಟವರ ಅಳುಕು
(ತುಮಕೂರಿನಲ್ಲಿ ಓದುಗರ ಮುಂದೆ ಆಡಿದ ಮಾತು)



ನಮ್ಮ ಪತ್ರಿಕೆಗೆ ಬರುವ ಕಾಗದಗಳ ಮೊದಲ ಸಾಲು ಹೆಚ್ಚುಕಡಿಮೆ ಒಂದೇ: “ನಾನು ಹೆಚ್ಚು ಓದಿದವನಲ್ಲ, ತಪ್ಪಿದ್ದರೆ ಮನ್ನಿಸಬೇಕು.” ಮಿಲ್ಲಿನವರೂ ಹೀಗೆಯೇ ಬರೆಯುತ್ತಾರೆ, ಗುಬ್ಬಿಯ ಅಡಿಕೆ ವ್ಯಾಪಾರಿಗಳೂ ಹೀಗೆಯೇ. ಮಗ್ಗದ ಮುಂದೆ ಮೊದಲ ದಿನ ನಿಂತಾಗ ನಮ್ಮಲ್ಲಿ ಯಾರೂ ಮನ್ನಣೆ ಬೇಡಲಿಲ್ಲ. ಎಳೆ ಕಡಿಯಿತು, ಗಂಟು ಹಾಕಿದೆವು, ಕೈ ಪಳಗಿತು. ಲೇಖನಿ ಹಿಡಿದಾಗ ಮಾತ್ರ ಏಕಿಷ್ಟು ನಾಚಿಕೆ?

ಬರವಣಿಗೆ ಓದಿದವರ ಸೊತ್ತೆಂಬ ಮಾತನ್ನು ನಮ್ಮ ಜಿಲ್ಲೆಯೇ ಸುಳ್ಳು ಮಾಡಿದೆ. ಕುಣಿಗಲ್ ಕೆರೆಯ ಹಾಡು ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ. ಬಾಯಿಂದ ಬಾಯಿಗೆ ಬರುತ್ತಾ ನಯವಾದ ಹಾಡು ಅದು. ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿ ಹುಟ್ಟಿತು. ಹುಡುಗನಾಗಿಯೇ ಅದನ್ನು ಸೇರಿದ ವೀರಣ್ಣನವರು ಶಾಲೆಯ ಪಾಠಕ್ಕಿಂತ ರಂಗದ ಪಾಠವನ್ನೇ ಹೆಚ್ಚು ಕಂಡವರು. ಕಂಪನಿ ನಾಟಕದಲ್ಲಿ ಹಾಸ್ಯಗಾರ ಒಂದು ಮಾತು ಎಸೆಯುತ್ತಾನೆ. ನೆಲದ ಮೇಲೆ ಕುಳಿತವರು ನಕ್ಕರೆ ಉಳಿಯಿತು, ನಗದಿದ್ದರೆ ನಾಳೆಯ ಆಟದಲ್ಲಿ ಅದಿಲ್ಲ. ಇನ್ನು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಅವರ ಹೆಸರಿನಲ್ಲಿರುವುದು ತುಮಕೂರಿನ ಪಕ್ಕದ ಊರೇ. 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ಕ್ಕೆ ಮಾತು, ಹಾಡು ಅವರದು. ಅದು ಕನ್ನಡದ ಮೊದಲ ವಾಕ್ಚಿತ್ರ. ನಾಟಕ ಬರೆದ ಕೈ ಇತ್ತು, ನೋಡಿ ಕಲಿಯಲು ಕನ್ನಡದಲ್ಲಿ ಮಾದರಿ ಇರಲಿಲ್ಲ. ಆದರೂ ಬರೆದರು.

ಅಳುಕೆಲ್ಲ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. “ನಾನು ಬರೆಯಬಹುದೆ?” ಎಂಬುದು ಕೈ ಕಟ್ಟುತ್ತದೆ. “ಈ ಮಾತು ಸರಿಯಾಗಿ ಕೂತಿದೆಯೆ?” ಎಂಬುದು ಕೈ ತಿದ್ದುತ್ತದೆ. ಅಂಗಡಿಯವರು ತಕ್ಕಡಿಯ ಮುಳ್ಳನ್ನು ದಿನವೂ ನೋಡುತ್ತಾರೆ; ಹಾಗೆಂದು ಅಂಗಡಿ ಮುಚ್ಚುವುದಿಲ್ಲ.

ಬರೆದದ್ದನ್ನು ಜೊತೆಯವನಿಗೆ ಗಟ್ಟಿಯಾಗಿ ಓದಿ ಹೇಳಿ. ಅವನು “ಏನಂದೆ?” ಎಂದ ಕಡೆ ಗೀಟು ಹಾಕಿ. ಪುಸ್ತಕದಿಂದ ಎರವಲು ತಂದ ದೊಡ್ಡ ಪದಗಳು ಬಹುಮಟ್ಟಿಗೆ ಅಲ್ಲೇ ಸಿಕ್ಕಿಬೀಳುತ್ತವೆ. (ಕೆಲವು ಪಂಡಿತರಿಗೂ ಈ ಪರೀಕ್ಷೆ ಒಳ್ಳೆಯದು.) ಲಾಳಿಯನ್ನು ಲಾಳಿ ಎಂದೇ ಬರೆಯಿರಿ.

ಇದು ಬರಿಯ ಹವ್ಯಾಸದ ಮಾತಲ್ಲ. ಯಂತ್ರಕ್ಕೆ ಒಬ್ಬನ ಕೈ ಸಿಕ್ಕಿದ ದಿನ ಕಛೇರಿಯಲ್ಲಿ ವರದಿ ಸಿದ್ಧವಾಗುತ್ತದೆ. “ಕೆಲಸಗಾರನ ಅಜಾಗ್ರತೆ” ಎಂದು ಅದರಲ್ಲಿ ಬರೆದುಬಿಟ್ಟರೆ, ಪಕ್ಕದಲ್ಲೇ ನಿಂತು ನೋಡಿದವನ ಕಾಗದ ಎಲ್ಲಿದೆ? ವಾರ ಕಳೆದರೆ ನೆನಪು ಮಸುಕಾಗುತ್ತದೆ, ಪರಿಹಾರ ಕೇಳಲು ಹೋದ ಹೆಂಗಸು ಬರಿಗೈಲಿ ಬರುತ್ತಾಳೆ. ಯಾವ ದಿನ, ಎಷ್ಟು ಗಂಟೆ, ಯಂತ್ರಕ್ಕೆ ಕಾಪು ಇತ್ತೆ ಇಲ್ಲವೆ, ಇಷ್ಟನ್ನು ಆ ರಾತ್ರಿಯೇ ಬರೆದಿಡಿ. ಕಾಗುಣಿತ ತಪ್ಪಿದ್ದರೆ ನಾವು ತಿದ್ದಿಕೊಳ್ಳುತ್ತೇವೆ. ಕಾಗದದ ಒಂದೇ ಬದಿಗೆ ಬರೆದು ಕಳಿಸಿ.