ಹಳೆಯ ದೋಣಿ, ಹೊಸ ಬಣ್ಣ

ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ಪ್ರದೇಶಕ್ಕೆ ಹಳೆಯ ಶಾಸನಗಳಲ್ಲಿ ಎಡೆದೊರೆ ನಾಡು ಎಂಬ ಹೆಸರಿದೆ. ಎಡೆ ಎಂದರೆ ನಡು, ತೊರೆ ಎಂದರೆ ಹೊಳೆ. ಎರಡೂ ಕೂಡುವಾಗ ತಕಾರಕ್ಕೆ ದಕಾರ ಆದೇಶವಾಗಿ ಬಂದು ಎಡೆದೊರೆ ಆಯಿತು. ಸಿರವಾರದಲ್ಲಿ ನಿಂತು ನೋಡುವವರಿಗೆ ಕಾಣುವುದು ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಹತ್ತಿಯ ಹೊಲ. ಇಲ್ಲಿ ದೋಣಿಯ ಮಾತು ಯಾರಿಗೆ ಬೇಕು ಎಂದು ಕೇಳಬಹುದು. ಆದರೆ ದೇವದುರ್ಗವನ್ನು ದಾಟಿ ಬಡಗಣಕ್ಕೆ ಹೋದರೆ ಕೃಷ್ಣೆ, ಮಾನ್ವಿಯನ್ನು ದಾಟಿ ತೆಂಕಣಕ್ಕೆ ಹೋದರೆ ತುಂಗಭದ್ರೆ. ಆ ಎರಡು ದಂಡೆಗಳಲ್ಲಿ ಹರಿಗೋಲಿನಿಂದಲೂ ಬಲೆಯಿಂದಲೂ ಹೊಟ್ಟೆ ಹೊರೆಯುವ ಮನೆಗಳು ಇಂದಿಗೂ ಇವೆ. ರಾಯಚೂರು ತಾಲ್ಲೂಕಿನ ಕುರ್ವಕುಲ, ಕುರ್ವಕುರ್ದ ಎಂಬ ನಡುಗಡ್ಡೆಗಳ ಜನ ತಲೆಮಾರುಗಳಿಂದ ಹರಿಗೋಲನ್ನು ನಂಬಿ ಹೊಳೆ ದಾಟಿದವರು. ೨೦೨೦ರ ಆಗಸ್ಟಿನಲ್ಲಿ ಕೃಷ್ಣೆ ತುಂಬಿ ಹರಿಯುತ್ತಿದ್ದಾಗ ಕುರ್ವಕುಲದ ಜನರಿದ್ದ ಹರಿಗೋಲು ಮಗುಚಿ ಕೆಲವರು ನೀರುಪಾಲಾದರು. ನೀರಿನ ಮೇಲೆ ಇಳಿದವನಿಗೂ ಸಾವಿಗೂ ನಡುವೆ ಇರುವುದು ಎಷ್ಟು ತೆಳುವಾದ ಗೋಡೆ ಎಂಬುದನ್ನು ಅಂಥ ದಿನಗಳು ನೆನಪಿಗೆ ತರುತ್ತವೆ.

ನಾನು ಇಂದು ಹೇಳಬೇಕೆಂದಿರುವುದು ಹೊಳೆಯ ಪ್ರವಾಹವನ್ನು ಕುರಿತಲ್ಲ, ಜಾಹೀರಾತಿನ ಪ್ರವಾಹವನ್ನು ಕುರಿತು. ಬಳಸಿದ ದೋಣಿ, ಬಳಸಿದ ಎಂಜಿನ್, ಬಳಸಿದ ಟ್ರ್ಯಾಕ್ಟರು, ಬಳಸಿದ ಮೋಟಾರ್ ಸೈಕಲ್ಲು, ಹೀಗೆ ಹಳೆಯ ವಸ್ತುಗಳ ಮಾರಾಟವೆಲ್ಲ ಈಗ ಅಂಗೈಯಗಲದ ಮೊಬೈಲಿನಲ್ಲಿ ನಡೆಯುತ್ತಿದೆ. ಮಲ್ಪೆಯಲ್ಲೋ ಮಂಗಳೂರಿನಲ್ಲೋ ಇರುವ ಫೈಬರ್ ದೋಣಿಯ ಚಿತ್ರವನ್ನು ಕೃಷ್ಣೆಯ ದಂಡೆಯ ಮೀನುಗಾರ ಮನೆಯಲ್ಲಿ ಕುಳಿತೇ ನೋಡಬಹುದು. ಇದು ಒಳ್ಳೆಯದೇ. ಹೊಸದನ್ನು ಕೊಳ್ಳಲಾರದ ಬಡವನಿಗೆ ಹಳೆಯದೇ ಆಧಾರ. ಆದರೆ ಚಿತ್ರದಲ್ಲಿ ಕಂಡ ದೋಣಿಯೇ ಬೇರೆ, ಲಾರಿಯಿಂದ ಇಳಿದ ದೋಣಿಯೇ ಬೇರೆ ಎಂಬ ದೂರು ಇದರ ಜೊತೆಯಲ್ಲೇ ಬೆಳೆದಿದೆ.

ಜಾಹೀರಾತು ಎಂಬ ಶಬ್ದವನ್ನೇ ನೋಡಿ. ಜಾಹೀರು ಎಂದರೆ ಬಹಿರಂಗ, ಎಲ್ಲರಿಗೂ ಕಾಣುವಂಥದ್ದು. ಅರಬ್ಬಿಯಿಂದ ಹೊರಟು ಫಾರಸಿ, ಮರಾಠಿಗಳ ಮೂಲಕ ಈ ಮಾತು ನಮ್ಮಲ್ಲಿಗೆ ಬಂದಿತು. ಅಂದರೆ ಜಾಹೀರಾತಿನ ಧರ್ಮ ತೋರಿಸುವುದು. ತೋರಿಸುವ ನೆಪದಲ್ಲಿ ಮುಚ್ಚಿಡುವುದು ಅದರ ಅಧರ್ಮ. ದೋಣಿಯ ಜಾಹೀರಾತಿನಲ್ಲಿ ಈ ಅಧರ್ಮಕ್ಕೆ ಅನುಕೂಲ ಹೆಚ್ಚು. ಏಕೆಂದರೆ ದೋಣಿಯ ದೋಷವಿರುವುದು ನೀರಿನ ಕೆಳಗೆ, ಚಿತ್ರ ತೆಗೆಯುವುದು ನೀರಿನ ಮೇಲೆ. ನೀರೊಳಗಿನ ಎಮ್ಮೆಗೆ ವ್ಯಾಪಾರ ಕುದುರಿಸಿದ ಹಾಗೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ನಮ್ಮ ರೈತರು ಜಾತ್ರೆಯಲ್ಲಿ ಎತ್ತು ಕೊಳ್ಳುವ ರೀತಿಯನ್ನು ಸ್ವಲ್ಪ ನೆನೆಯೋಣ. ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ನಡೆಸಿ ನೋಡುತ್ತಾರೆ. ಸುಳಿ ನೋಡುತ್ತಾರೆ, ಗೊರಸು ಎತ್ತಿ ನೋಡುತ್ತಾರೆ, ಹೆಗಲ ಮೇಲೆ ಕೈಯಾಡಿಸುತ್ತಾರೆ. ಆಮೇಲೆ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಅಲ್ಲಿ ಬೆಲೆ ಮಾತ್ರ ಗುಟ್ಟು, ಎತ್ತು ಬಹಿರಂಗ. ಮೊಬೈಲಿನ ಜಾತ್ರೆಯಲ್ಲಿ ಬೆಲೆ ಬಹಿರಂಗ, ಎತ್ತು ಗುಟ್ಟು.

ಹಾಗಾದರೆ ದೋಣಿಯ ಹಲ್ಲು ನೋಡುವುದು ಹೇಗೆ? ಮೊದಲನೆಯದಾಗಿ, ನೀರಿನಿಂದ ಮೇಲಕ್ಕೆ ಎತ್ತದ ದೋಣಿಯನ್ನು ಕೊಳ್ಳಲೇಬಾರದು. ಪಶ್ಚಿಮ ಕರಾವಳಿಯಲ್ಲಿ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅನೇಕ ದೋಣಿಗಳನ್ನು ಆಗ ದಡಕ್ಕೆ ಎಳೆದು ದುರಸ್ತಿ ಮಾಡುತ್ತಾರೆ. ಹೊಟ್ಟೆಯಡಿಯನ್ನು ಕಾಣಲು ಅದೇ ತಕ್ಕ ಸಮಯ. ಫೈಬರ್ ದೋಣಿಯಾದರೆ ಮರದ ಕೊಡತಿಯಿಂದಲೋ ದಪ್ಪ ನಾಣ್ಯದಿಂದಲೋ ಅಡಿಯುದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗಬೇಕು. ಗಟ್ಟಿಯಿರುವಲ್ಲಿ ಸ್ಪಷ್ಟವಾದ ನಾದ ಬರುತ್ತದೆ. ಪದರ ಬಿಟ್ಟಿರುವಲ್ಲಿ, ಒಳಗೆ ನೀರು ಕುಡಿದಿರುವಲ್ಲಿ ಸದ್ದು ಮಂಕಾಗುತ್ತದೆ. ಕುಂಬಾರನ ಗಡಿಗೆಯನ್ನು ಬಾರಿಸಿ ನೋಡಿ ಕೊಳ್ಳುವ ನಮ್ಮ ಹೆಣ್ಣುಮಕ್ಕಳಿಗೆ ಈ ಪರೀಕ್ಷೆಯನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಮೈಮೇಲೆ ಸಣ್ಣ ಬೊಕ್ಕೆಗಳಿದ್ದರೆ ಪದರದ ನಡುವೆ ನೀರು ಸೇರಿದೆಯೆಂದು ತಿಳಿಯಬೇಕು. ಎಂಜಿನ್ ತೂಗುಹಾಕುವ ಹಿಂಬದಿಯ ಹಲಗೆ ಹಲವು ದೋಣಿಗಳಲ್ಲಿ ಒಳಗೆ ಮರ, ಹೊರಗೆ ಫೈಬರ್. ಹೊರಗೆ ಹೊಳಪಿದ್ದರೂ ಒಳಗಿನ ಮರ ಕೊಳೆತಿರಬಹುದು. ಎಂಜಿನ್ನನ್ನು ಹಿಡಿದು ಅಲ್ಲಾಡಿಸಿದಾಗ ಆ ಹಲಗೆಯೂ ಅಲ್ಲಾಡಿದರೆ ಆ ದೋಣಿಗೆ ದೂರದಿಂದಲೇ ನಮಸ್ಕಾರ ಮಾಡುವುದು ಲೇಸು.

ಮರದ ದೋಣಿಯಾದರೆ ಚಾಕುವಿನ ಮೊನೆಯನ್ನು ಹಲಗೆಗೆ ಒತ್ತಿ ನೋಡಬೇಕು. ಮೆತ್ತಗೆ ಒಳಕ್ಕೆ ಇಳಿದರೆ ಮರ ಸತ್ತಿದೆ. ಮೊಳೆಯ ಸುತ್ತ ತುಕ್ಕಿನ ಕಲೆ ಇಳಿದಿದ್ದರೆ ಮೊಳೆಯ ಹಿಡಿತ ಹೋಗುತ್ತಿದೆ. ಎಂಜಿನ್ನಿನ ಗೇರಿನ ಎಣ್ಣೆಯನ್ನು ಒಂದು ಹನಿ ಇಳಿಸಿ ನೋಡಬೇಕು. ಹಾಲು ಬೆರೆತ ಚಹದಂತೆ ಅದು ಕಂಡರೆ ಒಳಗೆ ನೀರು ಹೊಕ್ಕಿದೆಯೆಂದು ಅರ್ಥ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಸಿಗದು. ನಮ್ಮ ಹರಿಗೋಲಿನಲ್ಲಿ ಬಿದಿರಿನ ಹೆಣಿಗೆ ಒಣಗಿ ಸೀಳಿದೆಯೇ, ಹೊರಗಿನ ಹೊದಿಕೆಯ ಮೇಲೆ ಹೊಸ ಟಾರು ಬಳಿದಿರುವುದು ರಕ್ಷಣೆಗೋ ತೂತು ಮುಚ್ಚುವುದಕ್ಕೋ ಎಂಬುದನ್ನು ವಿಚಾರಿಸಬೇಕು. ಇಡೀ ದೋಣಿ ಹಳೆಯದಾಗಿದ್ದು ಒಂದು ಭಾಗಕ್ಕೆ ಮಾತ್ರ ಹೊಸ ಬಣ್ಣವಿದ್ದರೆ ಆ ಭಾಗವನ್ನೇ ಮೊದಲು ಕೆರೆದು ನೋಡಬೇಕು.

ದೋಣಿ ಬೇಡದವರಿಗೂ ಈ ಮಾತು ಸಲ್ಲುತ್ತದೆ. ಹಳೆಯ ಟ್ರ್ಯಾಕ್ಟರನ್ನು ಮುಂಜಾನೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಬೇಕು. ಬಿಸಿ ಮಾಡಿ ಇಟ್ಟ ಎಂಜಿನ್ ತನ್ನ ರೋಗವನ್ನು ಬಚ್ಚಿಡುತ್ತದೆ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಚಾಸಿಯ ಮೇಲೆ ಕೆತ್ತಿದ ಸಂಖ್ಯೆಯನ್ನೂ ನೋಂದಣಿ ಪತ್ರದ ಸಂಖ್ಯೆಯನ್ನೂ ಹೋಲಿಸಬೇಕು. ಬ್ಯಾಂಕಿನ ಸಾಲ ತೀರಿಲ್ಲದಿದ್ದರೆ ನೀವು ಕೊಳ್ಳುತ್ತಿರುವುದು ವಾಹನವನ್ನಲ್ಲ, ವ್ಯಾಜ್ಯವನ್ನು. ಮಾರಿದವರಿಗೂ ಒಂದು ಎಚ್ಚರಿಕೆಯುಂಟು. ಸಾರಿಗೆ ಕಚೇರಿಯ ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಒಡೆಯನ ಮೇಲೆಯೇ ನಿಲ್ಲುತ್ತದೆಂದು ಸರ್ವೋಚ್ಚ ನ್ಯಾಯಾಲಯ ೨೦೧೮ರಲ್ಲಿ ಹೇಳಿದೆ.

ಇನ್ನು ಕಾನೂನು ಏನು ಹೇಳುತ್ತದೆ? ೧೮೭೨ರ ಭಾರತೀಯ ಕರಾರು ಕಾಯಿದೆಯಲ್ಲಿ ಒಂದು ಕುದುರೆಯ ದೃಷ್ಟಾಂತವಿದೆ. ಒಬ್ಬನು ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಅದಕ್ಕೆ ರೋಗವಿರುವುದು ಅವನಿಗೆ ಗೊತ್ತು. ಆದರೂ ಬಾಯಿ ಬಿಡುವುದಿಲ್ಲ. ಇದು ವಂಚನೆಯೇ? ಬರಿಯ ಮೌನ ವಂಚನೆಯಾಗದು ಎನ್ನುತ್ತದೆ ಕಾಯಿದೆ. ಆದರೆ ಕೊಳ್ಳುವವನು ಆಗತಾನೆ ಪ್ರಾಯಕ್ಕೆ ಬಂದ ಅವನ ಸ್ವಂತ ಮಗಳಾದರೆ ಹೇಳುವುದು ಅವನ ಕರ್ತವ್ಯ. ಮೂರನೆಯ ಸಂದರ್ಭ ಇನ್ನೂ ಸೊಗಸಾದುದು. ಕೊಳ್ಳುವವನು, ನೀನು ಇಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುತ್ತೇನೆ ಎನ್ನುತ್ತಾನೆ. ಮಾರುವವನು ಸುಮ್ಮನಿರುತ್ತಾನೆ. ಆಗ ಆ ಮೌನವೇ ಮಾತಾಗುತ್ತದೆ.

ಕೇಳುಗರು ಈ ಮೂರನೆಯ ದೃಷ್ಟಾಂತವನ್ನು ಮರೆಯಬಾರದು. ಪ್ರಶ್ನೆ ಕೇಳದವನಿಗೆ ಕಾನೂನು ಕೊಡುವ ಆಸರೆ ಕಡಿಮೆ, ಕೇಳಿದವನಿಗೆ ಹೆಚ್ಚು. ಆದ್ದರಿಂದ ಮಾರುವವನಿಗೆ ಬರೆದು ಕೇಳಿರಿ: ದೋಣಿ ಸೋರುತ್ತದೆಯೇ? ಎಂದಾದರೂ ಒಡೆದಿತ್ತೇ? ಎಂಜಿನ್ ನೀರಿನಲ್ಲಿ ಮುಳುಗಿತ್ತೇ? ದಾಖಲೆ ಯಾರ ಹೆಸರಿನಲ್ಲಿದೆ? ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ, ಬರೆದ ಸಂದೇಶ ಉಳಿಯುತ್ತದೆ. ಮೂಲ ಜಾಹೀರಾತಿನ ಚಿತ್ರವನ್ನೂ ಉಳಿಸಿಕೊಳ್ಳಿರಿ, ಅದು ನಾಳೆ ಅಳಿಸಿಹೋಗಬಹುದು. ವರ್ಣನೆ ನೋಡಿ ಕೊಂಡ ಸರಕು ವರ್ಣನೆಗೆ ಹೊಂದಲೇಬೇಕೆಂದು ೧೯೩೦ರ ಸರಕು ಮಾರಾಟ ಕಾಯಿದೆ ವಿಧಿಸುತ್ತದೆ. ವರ್ಣನೆ ಏನಿತ್ತೆಂದು ತೋರಿಸುವ ಹೊಣೆ ಮಾತ್ರ ನಮ್ಮದು. ಸಾಮಾನ್ಯ ಜಾಗರೂಕತೆಯಿಂದ ನಿಜ ತಿಳಿಯುವಂತಿದ್ದರೂ ತಿಳಿಯದೆ ಕೊಂಡವನು, ಅವನು ಹೇಳಲಿಲ್ಲ ಎಂಬ ಕಾರಣಕ್ಕೆ ಕರಾರನ್ನು ಮುರಿಯಲಾರ ಎಂಬ ನಿಯಮವೂ ಇದೆ. ಆದುದರಿಂದ ದೋಣಿಯಿರುವಲ್ಲಿಗೆ ಹೋಗಿಬರುವ ಬಸ್ಸಿನ ಖರ್ಚನ್ನು ದಂಡವೆಂದು ಎಣಿಸಬಾರದು.

೨೦೧೯ರ ಗ್ರಾಹಕ ರಕ್ಷಣಾ ಕಾಯಿದೆ ೨೦೨೦ರ ಜುಲೈಯಲ್ಲಿ ಜಾರಿಗೆ ಬಂದಿತು. ಸುಳ್ಳು ವರ್ಣನೆ ಕೊಡುವುದನ್ನೂ ಮುಖ್ಯ ಸಂಗತಿಯನ್ನು ಬೇಕೆಂದು ಮರೆಮಾಡುವುದನ್ನೂ ಅದು ದಾರಿತಪ್ಪಿಸುವ ಜಾಹೀರಾತಿನ ಲಕ್ಷಣಗಳಲ್ಲಿ ಸೇರಿಸಿದೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ದೋಣಿ ಕೊಂಡ ಮೀನುಗಾರನೂ ಗ್ರಾಹಕನೇ. ಅವನು ವ್ಯಾಪಾರಿಯೆಂದು ಹೇಳಿ ಹೊರಗೆ ನಿಲ್ಲಿಸುವಂತಿಲ್ಲ. ಮಾರಿದವನು ಮಂಗಳೂರಿನಲ್ಲಿದ್ದರೂ ದೂರನ್ನು ತಾನು ವಾಸಿಸುವ ಜಿಲ್ಲೆಯಲ್ಲಿಯೇ, ಅಂದರೆ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ಕೊಡಬಹುದು. ಅವಧಿ ಎರಡು ವರ್ಷ. ಕೊಟ್ಟ ಬೆಲೆ ೫ ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ಸಲಹೆಗೆ ರಾಷ್ಟ್ರೀಯ ಸಹಾಯವಾಣಿ ೧೯೧೫ ಇದೆ.

ಆದರೆ ಒಂದು ಕೊರತೆಯನ್ನು ಇಲ್ಲಿ ಹೇಳಬೇಕು. ಈ ರಕ್ಷಣೆ ಮುಖ್ಯವಾಗಿ ವ್ಯಾಪಾರವನ್ನೇ ವೃತ್ತಿಯಾಗಿ ಉಳ್ಳವರ ಎದುರಿಗೆ. ತನ್ನ ಒಂದು ಹಳೆಯ ದೋಣಿಯನ್ನು ಮಾರುವ ಖಾಸಗಿ ಮನುಷ್ಯನಿಗೆ ೨೦೨೦ರ ಇ-ವಾಣಿಜ್ಯ ನಿಯಮಗಳು ಅನ್ವಯಿಸುವುದಿಲ್ಲ. ಅಂಥವನ ಮೇಲೆ ಕರಾರು ಕಾಯಿದೆಯಂತೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಮೋಸದ ಉದ್ದೇಶ ಸ್ಪಷ್ಟವಾಗಿದ್ದರೆ ಪೊಲೀಸರ ಬಳಿಗೆ. ಹತ್ತಾರು ದೋಣಿಗಳನ್ನು ಕೊಂಡು ಮಾರುವ ದಲ್ಲಾಳಿಯೂ ಜಾಹೀರಾತಿನಲ್ಲಿ ಮನೆಯ ದೋಣಿ, ಒಬ್ಬರೇ ಬಳಸಿದ್ದು ಎಂದು ಬರೆಯುವುದುಂಟು. ನೀವು ವ್ಯಾಪಾರಿಯೋ, ಸ್ವಂತ ಒಡೆಯರೋ ಎಂಬುದೂ ಆದುದರಿಂದ ನಮ್ಮ ಲಿಖಿತ ಪ್ರಶ್ನೆಗಳಲ್ಲಿ ಒಂದಾಗಿರಬೇಕು.

ದೋಣಿಯೇ ಇಲ್ಲದ ದೋಣಿಯ ಜಾಹೀರಾತೂ ಇದೆ. ಬೇರೆಯವರ ಚಿತ್ರ, ಅರ್ಧಕ್ಕರ್ಧ ಬೆಲೆ, ನಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಬೇಗ ಮಾರಬೇಕು ಎಂಬ ಕಥೆ, ಮುಂಗಡ ಕಳುಹಿಸಿದರೆ ಲಾರಿ ಹೊರಡುತ್ತದೆಂಬ ಆಶ್ವಾಸನೆ. ಲಾರಿ ಹೊರಡುವುದಿಲ್ಲ, ಬಾಡಿಗೆ, ವಿಮೆ, ತೆರಿಗೆ ಎಂದು ಬೇಡಿಕೆ ಮಾತ್ರ ಬೆಳೆಯುತ್ತದೆ. ನಾವು ಮಾರುವಾಗಲೂ ಇದೇ ಆಟ ನಡೆಯುತ್ತದೆ. ಹಣ ಪಡೆಯಲು ಈ ಚೌಕವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ ಎನ್ನುತ್ತಾರೆ. ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕೆ ಎಂದಿಗೂ ಬೇಕಿಲ್ಲ. ಮೋಸವಾಯಿತೆಂದು ತಿಳಿದ ಕ್ಷಣವೇ ೧೯೩೦ ಸಂಖ್ಯೆಗೆ ಕರೆ ಮಾಡಬೇಕು. ಹಣ ಕೈಯಿಂದ ಕೈಗೆ ದಾಟುವ ಮೊದಲು ತಡೆಯುವ ಅವಕಾಶ ಮೊದಲ ಗಂಟೆಗಳಲ್ಲೇ ಹೆಚ್ಚು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದವರು ಆ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ.

ಕೊಳ್ಳುವವನಿಗೆ ಇಷ್ಟು ಹೇಳಿದ ಮೇಲೆ ಮಾರುವವನಿಗೂ ಎರಡು ಮಾತು ಹೇಳಬೇಕು. ನಮ್ಮ ನಾಡಿನಲ್ಲಿ ದೋಣಿಗೆ ದೊಡ್ಡ ಗೌರವವಿದೆ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗನೊಬ್ಬನು ಶರಣನಾಗಿ, ತನ್ನ ಕಾಯಕದ ಹೆಸರನ್ನೇ ಅಂಕಿತ ಮಾಡಿಕೊಂಡು ನಿಷ್ಠುರವಾದ ವಚನಗಳನ್ನು ನುಡಿದನು. ಪುರಂದರದಾಸರು ಈ ದೇಹವನ್ನು ತೂತುಗಳುಳ್ಳ ಹರಿಗೋಲಿಗೆ ಹೋಲಿಸಿ ಹಾಡಿದರು. ಮಾನ್ವಿಯ ಜಗನ್ನಾಥದಾಸರ ನೆಲ ನಮ್ಮದು, ಆ ಹಾಡುಗಳು ಇಲ್ಲಿಯ ಭಜನೆಗಳಲ್ಲಿ ಇಂದಿಗೂ ಕೇಳುತ್ತವೆ. ದಾಸರು ತೂತುಗಳನ್ನು ಮರೆಮಾಡಲಿಲ್ಲ, ಎಣಿಸಿ ಹೇಳಿದರು. ಹಳೆಯ ದೋಣಿಯನ್ನು ಮಾರುವವನು ಅಷ್ಟು ಮಾಡಿದರೆ ಸಾಕು. ಇಂಥಲ್ಲಿ ಒಡೆದಿತ್ತು, ಇಂಥಲ್ಲಿ ಕಟ್ಟಿದ್ದೇನೆ, ಎಂಜಿನ್ನಿಗೆ ಇಷ್ಟು ಕೆಲಸವಿದೆ ಎಂದು ಬರೆದರೆ ಬೆಲೆ ಸ್ವಲ್ಪ ಕಡಿಮೆಯಾದೀತು. ಆದರೆ ಕೊಂಡವನು ಆ ತೂತನ್ನು ದಡದಲ್ಲೇ ಮುಚ್ಚಿಕೊಳ್ಳುತ್ತಾನೆ, ನಡುಹೊಳೆಯಲ್ಲಿ ಕಂಡುಕೊಳ್ಳುವುದಿಲ್ಲ.

ಕೆಟ್ಟ ಟ್ರ್ಯಾಕ್ಟರು ಹೊಲದ ನಡುವೆ ನಿಂತರೆ ಒಂದು ದಿನದ ಕೆಲಸ ಹೋಗುತ್ತದೆ. ಕೆಟ್ಟ ದೋಣಿ ಹೊಳೆಯ ನಡುವೆ ಬಿರಿದರೆ ಮನೆಯ ಯಜಮಾನ ಹೋಗುತ್ತಾನೆ, ಜೊತೆಗೆ ಬಲೆ ಹಿಡಿಯಲು ಹೋದ ಮಗನೂ ಹೋಗಬಹುದು. ಈ ವ್ಯತ್ಯಾಸವನ್ನು ಬಣ್ಣ ಬಳಿಯುವ ಕೈ ಒಂದು ಕ್ಷಣ ನೆನೆಯಲಿ. ಕೊಳ್ಳುವ ಕೈಯೂ ಹಣ ಎಣಿಸುವ ಮೊದಲು ದೋಣಿಯ ಹೊಟ್ಟೆಯನ್ನು ಒಮ್ಮೆ ತಟ್ಟಿ ನೋಡಲಿ.