ಗೋಡೆ ಬಿದ್ದ ದಿನವಷ್ಟೇ ನಷ್ಟವೆ?

(ಮಳೆಗಾಲಕ್ಕೆ ಮುಂಚೆ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಮತ್ತು ಗೇರುಬೀಜ ಕಾರ್ಖಾನೆಯ ಕೆಲಸಗಾರರು, ಬೀಡಿ ಕಟ್ಟುವವರು ಹಾಗೂ ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಪತ್ತನಾಜೆ ಹತ್ತಿರ ಬಂದಿದೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಕಾಲ. ನಮ್ಮ ಹಿರಿಯರು ಆ ದಿನವನ್ನು ಮಳೆಗಾಲದ ಹೊಸ್ತಿಲೆಂದು ಎಣಿಸುತ್ತಿದ್ದರು. ಅಷ್ಟರೊಳಗೆ ಸೌದೆ ಒಳಗೆ ಬರಬೇಕು, ಮಾಡಿನ ಹಂಚು ತಿರುಗಿಸಿ ಆಗಬೇಕು, ಪಡುಗಡೆಯ ಗೋಡೆಗೆ ಮಡಲಿನ ತಟ್ಟಿ ಕಟ್ಟಿ ಆಗಬೇಕು. ಇಲ್ಲಿ ಕುಳಿತಿರುವ ನಮ್ಮಲ್ಲಿ ಎಷ್ಟು ಜನ ಈ ಕೆಲಸ ಮುಗಿಸಿ ಬಂದಿದ್ದೇವೆ? ಕೈ ಎತ್ತಿ ಎಂದರೆ ಎತ್ತುವ ಕೈಗಳು ಕಡಿಮೆಯೇ. ಇದು ಸೋಮಾರಿತನವಲ್ಲ. ಮೇ ತಿಂಗಳೆಂದರೆ ಮಕ್ಕಳ ಶಾಲೆಯ ಫೀಸು, ಪುಸ್ತಕ, ಕೊಡೆ. ಮಾಡಿನ ಸರದಿ ಬರುವ ಹೊತ್ತಿಗೆ ಕೈಯಲ್ಲಿ ಕಾಸಿರುವುದಿಲ್ಲ.

ನೀರು ಕೆಡಿಸಿದ ಮನೆಯನ್ನು ರಿಪೇರಿ ಮಾಡುವ ಖರ್ಚಿನ ವಿಚಾರವಾಗಿ ಇಂದು ಮಾತಾಡೋಣವೆಂದಿದ್ದೇವೆ. ಇದೂ ಒಂದು ಸಭೆಯ ವಿಷಯವೆ ಎಂದು ಕೆಲವರು ನಗಬಹುದು. ಕೂಲಿ ಹೆಚ್ಚಿಸಿ ಎಂದು ಕೇಳುವುದಕ್ಕೆ ನಾವು ವರ್ಷವಿಡೀ ಹೋರಾಡುತ್ತೇವೆ. ಹಾಗೆ ಹೋರಾಡಿ ತಂದ ಹಣ ಮಾಡಿನ ತೂತಿನಲ್ಲಿ ಸೋರಿ ಹೋಗುತ್ತಿದ್ದರೆ ಅದರ ಲೆಕ್ಕವನ್ನೂ ಕೇಳಬೇಡವೆ?

ನೀರಿನ ನಷ್ಟ ಎರಡು ಬಗೆ. ಒಂದು, ನೆರೆಯಿಂದ ಆಗುವುದು. 1923ರಲ್ಲಿ ನೇತ್ರಾವತಿ ಉಕ್ಕಿ ಪಾಣೆಮಂಗಳೂರು, ಬಂಟ್ವಾಳಗಳನ್ನು ಮುಳುಗಿಸಿದ್ದನ್ನು ಅಜ್ಜಂದಿರು ಹೇಳುತ್ತಿದ್ದರು. 1974ರ ನೆರೆಯನ್ನು ಕಂಡವರು ಈಗಲೂ ನಮ್ಮ ನಡುವೆ ಇದ್ದಾರೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಊರುಗಳಲ್ಲಿ ಏನಾಯಿತೆಂಬುದು ಎಲ್ಲರಿಗೂ ತಿಳಿದಿದೆ. ಇಂಥ ನಷ್ಟ ಎಲ್ಲರ ಕಣ್ಣಿಗೂ ಕಾಣುತ್ತದೆ. ಮಂತ್ರಿಗಳು ಬರುತ್ತಾರೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಎರಡನೆಯದು ಸದ್ದಿಲ್ಲದ ನಷ್ಟ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತರೂ ಮುಳುಗುವಷ್ಟು ನೀರು! ಅದು ಹರಿದು ಹೋಗುತ್ತದೆ ನಿಜ, ಆದರೆ ಹೋಗುವಾಗ ನಮ್ಮ ಮನೆಯಿಂದ ಒಂದಿಷ್ಟನ್ನು ಕಿತ್ತುಕೊಂಡೇ ಹೋಗುತ್ತದೆ.

ನೀರು ಒಳಗೆ ಬರುವ ದಾರಿ ಮೂರು. ನಾವು ಹಿಂದೆ ಮಕ್ಕಳಿಗೆ ಪಾಠ ಹೇಳುತ್ತಿದ್ದವರು, ಆದುದರಿಂದ ಸ್ವಲ್ಪ ಪಾಠದಂತೆಯೇ ಹೇಳುತ್ತೇವೆ, ಸಹಿಸಿಕೊಳ್ಳಿ.

ಮೊದಲನೆಯದು ಮೇಲಿನಿಂದ. 1865ರಲ್ಲಿ ಬಾಸೆಲ್ ಮಿಷನಿನವರು ಈ ಊರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ದೇಶವಿದೇಶಗಳಿಗೆ ಹೋಯಿತು. ಆ ಹಂಚನ್ನು ಸುಟ್ಟ ಕೈಗಳು ನಮ್ಮವು. ಒಳ್ಳೆಯ ಹಂಚು ಬಹುಕಾಲ ಬಾಳುತ್ತದೆ, ಅದರ ಕೆಳಗಿನ ಮರ ಅಷ್ಟು ಬಾಳುವುದಿಲ್ಲ. ಒಂದು ಹಂಚು ಒಡೆದರೆ ನೀರು ರೀಪಿಗೆ, ರೀಪಿನಿಂದ ಪಕ್ಕಾಸಿಗೆ ಇಳಿಯುತ್ತದೆ. ನೆನೆದ ಮರಕ್ಕೆ ಒರಲೆ ಹಿಡಿಯುತ್ತದೆ. ಹತ್ತಾರು ರೂಪಾಯಿಯ ಹಂಚಿಗಾಗಿ ಸಾವಿರಾರು ರೂಪಾಯಿಯ ಮರ ಹೋಗುತ್ತದೆ.

ಎರಡನೆಯದು ಪಕ್ಕದಿಂದ. ಪಡುಗಾಳಿಯ ಜೊತೆ ಮಳೆ ಅಡ್ಡಡ್ಡ ಹೊಡೆಯುತ್ತದೆ. ಸೂರು ಚಾಚಿಕೊಂಡಿದ್ದ ಹಳೆಯ ಮನೆಗಳು ಈ ಹೊಡೆತ ತಡೆಯುತ್ತಿದ್ದವು. ಸೂರು ಕಿರಿದು ಮಾಡಿ ಕಟ್ಟಿದ ಮನೆಗಳಲ್ಲಿ ಗೋಡೆಯೇ ಮಳೆಗೆ ಮುಖ ಒಡ್ಡಿ ನಿಲ್ಲುತ್ತದೆ.

ಮೂರನೆಯದು ಕೆಳಗಿನಿಂದ. ನಮ್ಮ ಮುರಕಲ್ಲು ಸಣ್ಣ ಸಣ್ಣ ತೂತುಗಳ ಕಲ್ಲು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ. ಹಿಂದಿನವರು ಸುಣ್ಣದ ಗಾರೆ ಹಚ್ಚುತ್ತಿದ್ದರು. ಅದರೊಳಗಿನಿಂದ ತೇವ ಆರಿ ಹೊರಗೆ ಹೋಗುತ್ತಿತ್ತು. ಈಗ ಗಟ್ಟಿ ಸಿಮೆಂಟು ಹಚ್ಚಿ, ಮೇಲೆ ಎಣ್ಣೆ ಬಣ್ಣ ಬಳಿಯುತ್ತೇವೆ. ತೇವಕ್ಕೆ ಹೊರಡಲು ದಾರಿಯಿಲ್ಲ. ನೀರಿನ ಜೊತೆ ಬಂದ ಉಪ್ಪು ಗೋಡೆಯ ಮೇಲೆ ಬಿಳಿ ಹುಡಿಯಾಗಿ ಏಳುತ್ತದೆ, ಬಣ್ಣ ಬೊಬ್ಬೆ ಬಂದು ಉದುರುತ್ತದೆ.

ಕಾಂಕ್ರೀಟು ಮನೆಯವರಾದರೂ ಸುಖವಾಗಿದ್ದಾರೆಯೆ? ಇಲ್ಲ. ಕಡಲ ಗಾಳಿಯ ಉಪ್ಪು ಬಿರುಕಿನಲ್ಲಿ ಇಳಿದು ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ, ಚಪ್ಪಡಿಯ ಕೆಳಭಾಗ ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಬೀಳುತ್ತದೆ. ತುಕ್ಕು ಕೆರೆಯದೆ ಮೇಲೆ ಸಿಮೆಂಟು ಮೆತ್ತಿದರೆ ಅದು ಹುಣ್ಣನ್ನು ತೊಳೆಯದೆ ಪಟ್ಟಿ ಕಟ್ಟಿದಂತೆ.

ಈಗ ಲೆಕ್ಕಕ್ಕೆ ಬರೋಣ. ಇದು ಉದಾಹರಣೆಯ ಲೆಕ್ಕ. ನಿಮ್ಮ ಊರಿನ ದರ ಹಾಕಿ ನೀವೇ ತಾಳೆ ನೋಡಿ. ಕೂಲಿ ದಿನಕ್ಕೆ 1,000 ರೂಪಾಯಿ ಎಂದು ಹಿಡಿಯೋಣ. ಮಳೆಗೆ ಮುಂಚೆ ಇಬ್ಬರು ಒಂದು ದಿನ ಹಂಚು ತಿರುಗಿಸಿದರೆ 2,000. ಒಡೆದ ಹಂಚು, ರೀಪು, ಮೊಳೆಗೆ 1,500. ಒಟ್ಟು 3,500 ರೂಪಾಯಿ. ಇದನ್ನು ಎರಡು ಮೂರು ವರ್ಷ ಮಾಡದೆ ಬಿಟ್ಟೆವೆನ್ನಿ. ಆಗ ಆಚಾರಿ ಮತ್ತು ಆಳು ನಾಲ್ಕು ದಿನ, 8,000. ಮರಕ್ಕೆ 10,000. ಗೋಡೆಗೆ ಮೇಸ್ತ್ರಿ ಮತ್ತು ಆಳು ನಾಲ್ಕು ದಿನ, 8,000. ಗಾರೆ, ಮರಳು, ಬಣ್ಣಕ್ಕೆ 6,000. ಒಟ್ಟು 32,000 ರೂಪಾಯಿ! ಇಷ್ಟು ಹಣ ನಮ್ಮ ಪೆಟ್ಟಿಗೆಯಲ್ಲಿ ಇಲ್ಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ತಂದರೆ ತಿಂಗಳ ಬಡ್ಡಿ 960, ವರ್ಷಕ್ಕೆ 11,520. ಅಂದರೆ ಒಂದು ವರ್ಷದ ಬಡ್ಡಿಯಲ್ಲಿ ಮೂರು ವರ್ಷ ಹಂಚು ತಿರುಗಿಸಿ ಸಾವಿರ ರೂಪಾಯಿ ಉಳಿಸಬಹುದಿತ್ತು. ಹಣವುಳ್ಳವನಿಗೆ ರಿಪೇರಿ ಅಗ್ಗ, ಇಲ್ಲದವನಿಗೆ ದುಬಾರಿ. ಬಡತನದ ಮೇಲೆ ಮಳೆ ಹಾಕುವ ತೆರಿಗೆ ಇದು.

ಗೋಡೆಯ ಖರ್ಚಷ್ಟೇ ಅಲ್ಲ. ಬೂಷ್ಟು ಹಿಡಿದ ಕೋಣೆಯಲ್ಲಿ ಮಲಗುವ ದಮ್ಮಿನ ಮಗುವಿಗೆ ರಾತ್ರಿ ಉಸಿರಾಟ ಕಟ್ಟುತ್ತದೆ. ಔಷಧಿಯ ಖರ್ಚು ಬೇರೆ. ಬೀಡಿ ಕಟ್ಟುವ ತಾಯಂದಿರ ಎಲೆಗೆ ತೇವ ಹೊಡೆದರೆ ಕಟ್ಟಿದ ಬೀಡಿ ವಾಪಾಸು ಬರುತ್ತದೆ. ದುಡಿದ ದಿನ ವ್ಯರ್ಥ.

ಸರಕಾರ ಪರಿಹಾರ ಕೊಡುತ್ತದಲ್ಲ ಎನ್ನುವಿರಿ. ಕೊಡುವುದೇನೋ ನಿಜ. ವಿಪತ್ತು ಪರಿಹಾರ ನಿಧಿಗೆ 2022ರಲ್ಲಿ ಹಾಕಿದ ನಿಯಮದ ಪ್ರಕಾರ ಬಯಲು ಪ್ರದೇಶದಲ್ಲಿ ಪೂರ್ಣ ಬಿದ್ದ ಮನೆಗೆ 1,20,000 ರೂಪಾಯಿ. ಭಾಗಶಃ ಕೆಟ್ಟ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಅದೂ ಕನಿಷ್ಠ ನೂರಕ್ಕೆ ಹದಿನೈದರಷ್ಟು ಹಾನಿ ಆಗಿದ್ದರೆ ಮಾತ್ರ. 2019ರಲ್ಲಿ ರಾಜ್ಯ ಸರಕಾರ ಪೂರ್ಣ ಬಿದ್ದ ಮನೆಗೆ 5 ಲಕ್ಷದವರೆಗೆ ಕೊಡುವುದಾಗಿ ತೀರ್ಮಾನಿಸಿದ್ದೂ ಉಂಟು, ಒಳ್ಳೆಯದೇ. ಆದರೆ ನಮ್ಮ ಲೆಕ್ಕದ 32,000ಕ್ಕೆ 6,500 ಬಂದರೂ ಐದರಲ್ಲಿ ಒಂದು ಪಾಲು. ಅದೂ ಬರುವ ಖಾತ್ರಿಯಿಲ್ಲ.

ಕಳೆದ ಮಳೆಯಲ್ಲಿ ನಾವು ಒಬ್ಬ ವಿಧವೆ ತಾಯಿಯ ಮನೆಗೆ ಹೋಗಿದ್ದೆವು. ಅಡುಗೆಮನೆಯ ಗೋಡೆ ಸೊಂಟದ ಎತ್ತರದವರೆಗೆ ಕಪ್ಪಾಗಿ, ಬೆರಳಿಟ್ಟರೆ ಮಣ್ಣು ಉದುರುತ್ತಿತ್ತು. ಪರಿಶೀಲನೆಗೆ ಬಂದವರು ನೋಡಿ, "ಗೋಡೆ ನಿಂತಿದೆಯಲ್ಲಮ್ಮ" ಎಂದು ಬರೆದುಕೊಂಡು ಹೋದರು. ಆ ತಾಯಿ ನಮ್ಮನ್ನು ಕೇಳಿದರು: "ಹಾಗಾದರೆ ಮಾಸ್ಟ್ರೇ, ಅದು ನಮ್ಮ ಮೇಲೆ ಬೀಳುವವರೆಗೆ ಕಾಯಬೇಕೊ?" ನಮ್ಮಲ್ಲಿ ಉತ್ತರವಿರಲಿಲ್ಲ. ಬಂದವರು ಕೆಟ್ಟವರಲ್ಲ, ಅವರ ಕೈಯಲ್ಲಿದ್ದ ನಮೂನೆಯಲ್ಲಿ ತೇವಕ್ಕೆ ಕಾಲಮಿರಲಿಲ್ಲ. ನಿಯಮ ನೋಡುವುದು ಬಿದ್ದ ದಿನವನ್ನು. ಬೀಳುವ ಹತ್ತು ವರ್ಷವನ್ನಲ್ಲ.

ಬಾಡಿಗೆ ಮನೆಯವರ ಪಾಡು ಇನ್ನೊಂದು. ಧಣಿಗಳು ರಿಪೇರಿ ಮಾಡುವುದಿಲ್ಲ. ಕೇಳಿದರೆ ಬಿಟ್ಟು ಹೋಗಿ ಎನ್ನುತ್ತಾರೆ. 1882ರ ಆಸ್ತಿ ವರ್ಗಾವಣೆ ಕಾನೂನಿನ 108ನೆಯ ಕಲಮು ಒಂದು ಮಾತು ಹೇಳುತ್ತದೆ. ಮಾಲಿಕ ಮಾಡಬೇಕಾದ ರಿಪೇರಿಯನ್ನು ನೋಟೀಸು ಕೊಟ್ಟ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಯಾವ ರಿಪೇರಿ ಯಾರದು ಎಂಬುದು ಕರಾರಿನ ಮೇಲೆ ನಿಂತಿದೆ. ಆದುದರಿಂದ ಮನೆ ಹಿಡಿಯುವಾಗಲೇ ಮಾಡು ಮತ್ತು ಗೋಡೆಯ ರಿಪೇರಿ ಮಾಲಿಕರದು ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಮಳೆಗೆ ತೊಳೆದು ಹೋಗುತ್ತದೆ.

ವ್ಯಾಪಾರಿ ಮಿತ್ರರು ವಿಮೆ ಮಾಡಿಸಿರಬಹುದು. 2021ರ ಏಪ್ರಿಲಿನಿಂದ ಮನೆಗಳಿಗೂ ಸಣ್ಣ ಉದ್ದಿಮೆಗಳಿಗೂ ಸರಳ ಪಾಲಿಸಿಗಳು ಬಂದಿವೆ. ನೆರೆಯಿಂದ, ಬಿರುಗಾಳಿಯಿಂದ ಆದ ನಷ್ಟ ಅವುಗಳಲ್ಲಿ ಸೇರುತ್ತದೆ. ನಿಧಾನವಾಗಿ ಸವೆದು, ತೇವ ಹಿಡಿದು ಕೆಟ್ಟದ್ದು ಸೇರುವುದಿಲ್ಲ. ಇಲ್ಲಿಯೂ ಅದೇ ಕಥೆ. ಅಕ್ಕಿ, ಸಕ್ಕರೆ, ಬಟ್ಟೆಯನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡುವುದೇ ಅಗ್ಗದ ವಿಮೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ನಮ್ಮ ಕೈಯಲ್ಲಿರುವುದು. ಇರುವ ಹಣವನ್ನು ಸರಿಯಾದ ಕ್ರಮದಲ್ಲಿ ಖರ್ಚು ಮಾಡಿ: ಮೊದಲು ಮಾಡು, ಆಮೇಲೆ ಸೂರು, ಆಮೇಲೆ ಮನೆಯ ಸುತ್ತಿನ ನೀರು ಹರಿದುಹೋಗುವ ಚರಂಡಿ, ಆಮೇಲೆ ಗೋಡೆ, ಕೊನೆಗೆ ಬಣ್ಣ. ನಾವು ಮಾಡುವುದು ತಲೆಕೆಳಗು. ಚೌತಿಗೆ ನೆಂಟರು ಬರುತ್ತಾರೆಂದು ಹಸಿಗೋಡೆಗೆ ಬಣ್ಣ ಬಳಿಯುತ್ತೇವೆ, ಮುಂದಿನ ಆಟಿಗೆ ಅದು ಉದುರುತ್ತದೆ. ಮಾಡಿನ ಕೆಲಸ ಮೇ ತಿಂಗಳಲ್ಲಿ, ಗೋಡೆಯ ಕೆಲಸ ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ. ಮಳೆಗೆ ಮುಂಚೆ ಮನೆಯ ನಾಲ್ಕೂ ಬದಿಯ ಫೋಟೋ ತೆಗೆದಿಡಿ. ಹಾನಿಯಾದರೆ ಕೂಡಲೇ ಗ್ರಾಮ ಆಡಳಿತಾಧಿಕಾರಿಗೆ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿ ಬರೆಯಲು ಬಾರದವರು ನಮ್ಮ ಕಚೇರಿಗೆ ಬನ್ನಿ, ಬರೆದು ಕೊಡುತ್ತೇವೆ.

ಇನ್ನು ಒಬ್ಬರಿಂದ ಆಗದ ಕೆಲಸಗಳು. ತೋಡು, ಚರಂಡಿಗಳ ಹೂಳನ್ನು ಮೇ ಮುಗಿಯುವುದರೊಳಗೆ ಎತ್ತಬೇಕೆಂದು ಪಾಲಿಕೆಯನ್ನೂ ಪಂಚಾಯತಿಯನ್ನೂ ವಾರ್ಡುವಾರು ಕೇಳಬೇಕು; ಮೇಲಿನ ಮನೆಯ ನೀರು ಕೆಳಗಿನ ಮನೆಯ ಪಂಚಾಂಗಕ್ಕೆ ಇಳಿಯುವಾಗ ಒಬ್ಬೊಬ್ಬರೇ ಗೋಡೆ ಕಾಯ್ದು ಫಲವಿಲ್ಲ. ಕಾರ್ಖಾನೆಗಳು ಏಪ್ರಿಲಿನಲ್ಲಿ ಮಳೆಗಾಲದ ಮುಂಗಡವೆಂದು ಬಡ್ಡಿಯಿಲ್ಲದೆ ಒಂದಿಷ್ಟು ಕೊಟ್ಟು ಹತ್ತು ತಿಂಗಳಲ್ಲಿ ಮುರಿದುಕೊಳ್ಳಲಿ. ಮನೆಯ ಅಗತ್ಯಕ್ಕೆ ಪ್ರಾವಿಡೆಂಟ್ ಫಂಡಿನಿಂದ ತೆಗೆಯುವ ಅವಕಾಶವೇನೋ ಇದೆ, ಆದರೆ ಅದು ನಮ್ಮ ಮುಪ್ಪಿನ ಅನ್ನ, ಹಂಚಿಗೆ ಹಾಕುವುದಕ್ಕಲ್ಲ. ಸಹಕಾರಿ ಸಂಘಗಳು ಕೃಷಿಗೆ ಬೆಳೆಸಾಲ ಕೊಡುವ ಹಾಗೆ ಮಾಡಿನ ರಿಪೇರಿಗೂ ಸಣ್ಣ ಸಾಲ ಕೊಡಲಿ. ಪರಿಹಾರದ ನಿಯಮದಲ್ಲಿ, ಬೀಳುವ ಸ್ಥಿತಿಗೆ ಬಂದ ಮನೆಯನ್ನು ಬೀಳುವ ಮುಂಚೆ ಸರಿಪಡಿಸಲು ಹಣ ಕೊಡುವ ಕಲಮು ಸೇರಲಿ. ಬಿದ್ದ ಮೇಲೆ 1,20,000 ಕೊಡುವ ಬೊಕ್ಕಸಕ್ಕೆ, ಬೀಳದಂತೆ ಅದರ ಕಾಲುಭಾಗ ಕೊಡುವುದು ಲಾಭವಲ್ಲವೆ?

ಈ ನಾಲ್ಕು ಬೇಡಿಕೆಗಳ ಮನವಿಯನ್ನು ಬಾಗಿಲ ಬಳಿ ಇಟ್ಟಿದ್ದೇವೆ. ಓದಿ, ಒಪ್ಪಿಗೆಯಾದರೆ ಸಹಿ ಹಾಕಿ. ನಾಳೆ ಭಾನುವಾರ, ಆ ವಿಧವೆ ತಾಯಿಯ ಮನೆಯ ಹಂಚು ತಿರುಗಿಸುವುದಕ್ಕೆ ನಾವು ನಾಲ್ಕು ಜನ ಹೋಗುತ್ತೇವೆ. ಏಣಿ ಇದೆ, ಹಂಚು ಕಾರ್ಖಾನೆಯ ಗೆಳೆಯರು ಕೊಟ್ಟಿದ್ದಾರೆ. ಮಾಡು ಹತ್ತಿ ಅಭ್ಯಾಸವಿರುವ ಇನ್ನಿಬ್ಬರು ಬೇಕು. ಬೆಳಿಗ್ಗೆ ಏಳು ಗಂಟೆಗೆ ಕಚೇರಿಗೆ ಬನ್ನಿ.