ತಪ್ಪೂ ದೂಷಣೆಯ ಭಯವೂ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಜರಗಿದ ಅಧ್ಯಾಪಕರ ಹಾಗೂ ಹಳೆವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ದಿನ ನಾವು ‘ಕರ್ತವ್ಯನಿಷ್ಠೆ’ ಎಂಬ ವಿಷಯದ ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದರು. ವಿಷಯವೇನೋ ದೊಡ್ಡದು. ಆದರೆ ಇದೇ ವೇದಿಕೆಯಿಂದ ಅದರ ಮೇಲೆ ನಾವೇ ಎರಡು ಬಾರಿ ಮಾತನಾಡಿಯಾಗಿದೆ. ಅದರಿಂದ ಕೇಳಿದವರಿಗಾಗಲಿ ಆಡಿದವರಿಗಾಗಲಿ ವಿಶೇಷ ಲಾಭವಾದಂತೆ ಕಾಣಲಿಲ್ಲ. ಆದುದರಿಂದ ಅವರ ಕ್ಷಮೆ ಬೇಡಿ, ಆ ವಿಷಯದ ಒಂದು ಸಣ್ಣ ಮೂಲೆಯನ್ನು ಮಾತ್ರ ಇಂದು ಎತ್ತಿಕೊಳ್ಳುತ್ತೇವೆ. ಕೆಲಸದಲ್ಲಿ ತಪ್ಪೊಂದು ಆಗಿಹೋದಾಗ, ಅದರ ದೂಷಣೆ ತನ್ನ ತಲೆಯ ಮೇಲೆ ಬಂದೀತೆಂದು ಮನುಷ್ಯನು ಪಡುವ ಭಯವೇ ಆ ಮೂಲೆ.

ಇದನ್ನು ಆರಿಸಿಕೊಳ್ಳಲು ಒಂದು ನಿಮಿತ್ತವಿದೆ. ಕಳೆದ ಓಣಂ ರಜೆಯಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದಿದ್ದನು. ಬ್ಯಾಂಕೊಂದರಲ್ಲಿ ಗುಮಾಸ್ತ. ಹಿಂದೊಂದು ಸಂಜೆ ಲೆಕ್ಕ ಮುಗಿಸುವ ಹೊತ್ತಿಗೆ, ಖಾತೆಯ ಸಂಖ್ಯೆಯಲ್ಲಿ ಎರಡು ಅಂಕೆಗಳು ಅದಲುಬದಲಾಗಿ ಒಬ್ಬರ ಹಣ ಇನ್ನೊಬ್ಬರಿಗೆ ಜಮೆಯಾದುದು ಅವನ ಕಣ್ಣಿಗೆ ಬಿತ್ತಂತೆ. ಮೆನೇಜರರು ಇನ್ನೂ ಕುರ್ಚಿಯಲ್ಲಿಯೇ ಇದ್ದರು. ಹೇಳಬೇಕೆಂದು ಎದ್ದವನು ಬಾಗಿಲವರೆಗೆ ಹೋಗಿ, ಚೀಲ ತೆಗೆದುಕೊಂಡು ಬಸ್ಸು ಹತ್ತಿದನು. ಮರುದಿನ ಮಧ್ಯಾಹ್ನ ಹೇಳುವಷ್ಟರಲ್ಲಿ ಹಣದ ಒಂದು ಭಾಗವನ್ನು ಆ ಇನ್ನೊಬ್ಬರು ತೆಗೆದುಕೊಂಡಾಗಿತ್ತು. “ಸಂಜೆಯೇ ಹೇಳಿದ್ದರೆ ಐದು ನಿಮಿಷದ ಕೆಲಸ ಸಾರ್. ಯಾಕೆ ಹೇಳಲಿಲ್ಲವೆಂದು ನನಗೇ ತಿಳಿಯುವುದಿಲ್ಲ” ಎಂದು ಅವನು ತಲೆ ತಗ್ಗಿಸಿದನು. ಅವನಿಗೆ ಉಪದೇಶ ಮಾಡುವ ಅಧಿಕಾರ ನಮಗಿರಲಿಲ್ಲ. ಏಕೆಂದರೆ ನಾವು ಒಂದು ಸಂಜೆಯಲ್ಲ, ಮೂರು ದಿನ ಬಾಯಿ ಮುಚ್ಚಿಕೊಂಡಿದ್ದವರು. ಅಂದು ಅವನಿಗೆ ಹೇಳಿದ ಕಥೆಯನ್ನೇ ಇಂದು ತಮ್ಮ ಮುಂದೆಯೂ ಹೇಳುತ್ತೇವೆ.

ನಮ್ಮ ನೌಕರಿಯ ಮೊದಲ ವರ್ಷಗಳು. ಈ ಗಡಿಸೀಮೆಯದೇ ಒಂದು ಕನ್ನಡ ಪ್ರಾಥಮಿಕ ಶಾಲೆ, ಊರು ಬೇಡ. ಅಕ್ಷರ ದುಂಡಗಿದೆಯೆಂಬ ಕಾರಣಕ್ಕೆ ಅಡ್ಮಿಷನ್ ರಿಜಿಸ್ಟರು ಬರೆಯುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಜೂನ್ ತಿಂಗಳ ಮೊದಲ ದಿನ, ಜಡಿಮಳೆ. ವೃದ್ಧರೊಬ್ಬರು ಮೊಮ್ಮಗನನ್ನು ಒಂದನೆಯ ತರಗತಿಗೆ ಸೇರಿಸಲು ಕರೆತಂದರು. ಅರ್ಜಿಯನ್ನು ಅವರೇ ಮೋಹಕವಾದ ಹಳೆಯ ಕೈಬರಹದಲ್ಲಿ, ಕನ್ನಡ ಅಂಕೆಗಳಲ್ಲಿಯೇ ತುಂಬಿಸಿದ್ದರು. ನಮ್ಮ ಕನ್ನಡದ ೬ ಮತ್ತು ೯ ಅವಳಿ ಮಕ್ಕಳು. ಬಾಲ ತಿರುಗುವ ಬಗೆಯೊಂದೇ ಭೇದ. ಹುಟ್ಟಿದ ತಿಂಗಳನ್ನು ಬರೆಯುವಾಗ ಇದು ಆರೋ ಒಂಬತ್ತೋ ಎಂದು ಕ್ಷಣಕಾಲ ನಮ್ಮ ಲೇಖನಿ ನಿಂತಿತು. ಅಜ್ಜ ಇನ್ನೂ ಅಂಗಳದಲ್ಲಿ ಕೊಡೆ ಬಿಡಿಸುತ್ತಿದ್ದರು. ಕೂಗಿ ಕೇಳಬಹುದಿತ್ತು. ಮುಂದೆ ಇನ್ನೂ ಏಳೆಂಟು ಅರ್ಜಿಗಳು ಬಿದ್ದಿದ್ದವು. ಒಂಬತ್ತು ಎಂದು ಬರೆದೆವು.

ನಾಲ್ಕು ವರ್ಷ ಆ ಒಂಬತ್ತು ಯಾರಿಗೂ ತೊಂದರೆ ಕೊಡದೆ ಪುಸ್ತಕದಲ್ಲಿ ಮಲಗಿತ್ತು. ಹುಡುಗನು ನಾಲ್ಕನೆಯ ತರಗತಿ ಮುಗಿಸಿದನು. ಅವನ ವರ್ಗಾವಣೆ ಪತ್ರವನ್ನು ಬರೆದವರು ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹಿರಿಯ ಟೀಚರೊಬ್ಬರು. ಹೊಸ ಶಾಲೆಯಲ್ಲಿ ಜನನ ಪ್ರಮಾಣಪತ್ರದೊಡನೆ ಹೋಲಿಸಿದಾಗ ಒಂದರಲ್ಲಿ ಜೂನ್, ಒಂದರಲ್ಲಿ ಸೆಪ್ಟೆಂಬರ್. ತಂದೆ ಎರಡೂ ಕಾಗದಗಳನ್ನು ಹಿಡಿದು ನಮ್ಮ ಹೆಡ್‌ಮಾಸ್ಟರರಲ್ಲಿಗೆ ಬಂದು ಗಟ್ಟಿಯಾಗಿಯೇ ಮಾತನಾಡಿದರು. ಅವರನ್ನು ದೂರುವಂತಿಲ್ಲ. ಶಾಲೆಯ ಪುಸ್ತಕದಲ್ಲಿದ್ದ ದಿನಾಂಕವೇ ಎಸ್‌.ಎಸ್‌.ಎಲ್‌.ಸಿ. ಪುಸ್ತಕಕ್ಕೆ ಇಳಿಯುತ್ತದೆ; ಅದು ಅಚ್ಚಾದ ಮೇಲೆ ತಿದ್ದಿಸಬೇಕಾದರೆ ತಿರುವನಂತಪುರದ ಪರೀಕ್ಷಾ ಭವನದವರೆಗೆ ಅರ್ಜಿ ನಡೆಯಬೇಕು. ಕೂಲಿ ಬಿಟ್ಟು ಬಂದ ಮನುಷ್ಯನಿಗೆ ಅದು ಸಣ್ಣ ಮಾತಲ್ಲ.

ದುರ್ದೈವಕ್ಕೆ, ಅಥವಾ ನಮ್ಮ ಪರೀಕ್ಷೆಗೆಂದೋ ಏನೋ, ರಿಜಿಸ್ಟರು ಆ ವಾರ ತಪಾಸಣೆಗಾಗಿ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿತ್ತು. ಕೈಯಲ್ಲಿದ್ದುದು ವರ್ಗಾವಣೆ ಪತ್ರದ ಪ್ರತಿ ಮಾತ್ರ. ಬರೆದ ಕೈ ಟೀಚರದು. ಹೆಡ್‌ಮಾಸ್ಟರರು ಅವರನ್ನು ಕರೆಸಿ, ನಕಲು ಮಾಡುವಾಗ ಗಮನವೆಲ್ಲಿತ್ತೆಂದು ತಂದೆಯ ಎದುರಿಗೇ ಕೇಳಿದರು. ಟೀಚರು “ನೋಡಿಯೇ ಬರೆದಿದ್ದೆ” ಎಂದಷ್ಟೇ ಹೇಳಿ ಸುಮ್ಮನಾದರು. ನಾವು ಜಗಲಿಯಲ್ಲಿ ನಿಂತು ಎಲ್ಲವನ್ನೂ ಕೇಳಿದೆವು. ಜೂನ್, ಸೆಪ್ಟೆಂಬರ್ ಎಂಬ ಎರಡು ಶಬ್ದಗಳು ಕಿವಿಗೆ ಬಿದ್ದೊಡನೆ ಆ ಮಳೆಯೂ ಆ ಕೊಡೆಯೂ ಅಂಕೆಯ ಆ ಬಾಲವೂ ಕಣ್ಣೆದುರು ಬಂದು ನಿಂತವು.

ಆಮೇಲಿನ ಮೂರು ರಾತ್ರಿಗಳಲ್ಲಿ ನಾವು ನಮ್ಮ ಪರವಾಗಿ ಹೂಡಿದ ವಾದಗಳನ್ನು ಯಾವ ವಕೀಲನೂ ಹೂಡಲಾರ. ಅಂಕೆಯನ್ನು ಅಸ್ಪಷ್ಟವಾಗಿ ಬರೆದವರು ಅಜ್ಜ. ಓದಿ ನೋಡಿ ಸಹಿ ಹಾಕಬೇಕಾದವರು ತಂದೆ. ಮೇಲುಸಹಿ ಹೆಡ್‌ಮಾಸ್ಟರರದು. ನಾಲ್ಕು ವರ್ಷ ಹಾಜರಿ ಕರೆದ ಅಧ್ಯಾಪಕರಲ್ಲಿ ಒಬ್ಬರಾದರೂ ಕೇಳಬಾರದಿತ್ತೇ? ಇಷ್ಟಾದ ಮೇಲೂ ನಿದ್ರೆ ಬರಲಿಲ್ಲ. ನಮ್ಮ ಪ್ರೊಬೇಷನ್ ಇನ್ನೂ ಮಂಜೂರಾಗಿರಲಿಲ್ಲ; ಮನೆಗೆ ಮಾಡು ಹಾಕಿಸಿದ ಸಾಲವಿತ್ತು. ಭಯ ನಿರಾಧಾರವಾದುದೇನಲ್ಲ. ದೂಷಣೆಗೆ ಹೆದರುವವರನ್ನು ಪುಕ್ಕಲರೆಂದು ನಗುವವರು ಒಂದು ಮೆಮೊ ಕೈಗೆ ಬಂದ ಮೇಲೆ ನಗಲಿ ಎಂದು ಈಗಲೂ ನಮಗನ್ನಿಸುತ್ತದೆ. ಆದರೆ ನಮ್ಮನ್ನು ನಿಜವಾಗಿ ಕುಗ್ಗಿಸಿದುದು ಬೇರೊಂದು. ಪುಸ್ತಕ ಹಿಂದೆ ಬಂದಾಗ ಹೇಗೂ ಸತ್ಯ ತಿಳಿಯುತ್ತದೆಂಬುದು ಗೊತ್ತಿದ್ದೂ, ಅಷ್ಟರವರೆಗಿನ ಮೂರು ದಿನಗಳ ನೆಮ್ಮದಿಗಾಗಿ ತಾಯಿಯ ವಯಸ್ಸಿನ ಒಬ್ಬರನ್ನು ಮುಂದೆ ನಿಲ್ಲಿಸಿದ್ದೆವು. ಆ ನೆಮ್ಮದಿಯೂ ದೊರೆಯಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಘಂಟೆ ಹೊಡೆಯುವ ಮೊದಲೇ ಹೆಡ್‌ಮಾಸ್ಟರರ ಕೋಣೆಗೆ ಹೋಗಿ, ಸಂಶಯ ಬಂದರೂ ಕೇಳದೆ ಬರೆದೆವೆಂಬುದನ್ನೂ ಸೇರಿಸಿ ಹೇಳಿದೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಗುಳಕ್ಕೆ ಸಿದ್ಧರಾಗಿ ನಿಂತಿದ್ದೆವು. ಅವರೆಂದುದು ಇಷ್ಟೇ: “ಪುಸ್ತಕ ನಾಳೆ ಬರುತ್ತದೆ. ತಿದ್ದುಪಡಿಗೆ ಅನುಮತಿ ಕೇಳಿ ಬರೆಯಬೇಕು. ಕರಡು ನೀವೇ ಮಾಡಿ. ಮೊದಲು ಟೀಚರ ಹತ್ತಿರ ನಾನು ಒಂದು ಮಾತು ಹೇಳಲಿಕ್ಕಿದೆ.” ಅವರು ನಮಗಿಂತ ಮುಂಚೆ ಎದ್ದು ಹೋದರು. ಅಲ್ಲಿ ಏನು ಹೇಳಿದರೋ ತಿಳಿಯದು. ಬಳಿಕ ನಾವು ಹೋದಾಗ ಟೀಚರು ಮಕ್ಕಳ ಪುಸ್ತಕ ತಿದ್ದುತ್ತಿದ್ದರು. ತಲೆಯೆತ್ತದೆ ಹೇಳಿದರು: “ಮೂರು ದಿನ ನನ್ನ ಕಣ್ಣನ್ನೇ ನಾನು ನಂಬಲಿಲ್ಲ ಮಾಸ್ಟ್ರೇ. ಕನ್ನಡಕ ಬದಲಿಸಬೇಕೆಂದು ಮಗನಿಗೆ ಹೇಳಿಬಿಟ್ಟಿದ್ದೆ.” ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಹಗುರವಾಗುತ್ತಿತ್ತು.

ಕೇರಳದ ೧೯೫೯ರ ಶಿಕ್ಷಣ ನಿಯಮಾವಳಿಯಂತೆ, ರಿಜಿಸ್ಟರಿನಲ್ಲಿ ಒಮ್ಮೆ ಬರೆದ ಹೆಸರನ್ನಾಗಲಿ ಜನ್ಮದಿನಾಂಕವನ್ನಾಗಲಿ ನಿಯುಕ್ತ ಅಧಿಕಾರಿಯ ಅನುಮತಿಯಿಲ್ಲದೆ ಮಾರ್ಪಡಿಸಕೂಡದು. ಅನುಮತಿ ಬಂದ ದಿನ ನಾವು ಬ್ಲೇಡು ತೆಗೆದುಕೊಂಡು ಆ ಅಂಕೆಯನ್ನು ಹೆರೆಯಲು ಹೊರಟಾಗ ಹೆಡ್‌ಮಾಸ್ಟರರು ಕೈ ಹಿಡಿದರು. ಅಡಿಕೋಲನ್ನಿಟ್ಟು ತಪ್ಪಿನ ಮೇಲೆ ಕೆಂಪು ಶಾಯಿಯ ಒಂದೇ ಗೆರೆ ಎಳೆದರು. ಸರಿಯಾದುದನ್ನು ಮೇಲೆ ಬರೆದು, ಆದೇಶದ ಸಂಖ್ಯೆ ಕಾಣಿಸಿ, ಸಹಿ ಮಾಡಿ, ದಿನಾಂಕ ಹಾಕಿದರು. “ಕೆಳಗಿನದು ಓದಲು ಬರಬೇಕು. ಹೆರೆದರೆ ಮೋಸ, ಗೆರೆ ಎಳೆದರೆ ತಿದ್ದುಪಡಿ” ಎಂದರು. ಎಲ್ಲ ಕಚೇರಿಗಳ ಗುಮಾಸ್ತರಿಗೂ ಗೊತ್ತಿರುವ ಪದ್ಧತಿ ಇದು. ಅದರ ಅರ್ಥ ಮಾತ್ರ ನಮಗೆ ಅಂದು ಹೊಳೆಯಿತು.

ಬಂಧುಗಳೇ, ಹೆರೆಯುವ ವಿದ್ಯೆಯನ್ನು ಮಕ್ಕಳಿಗೆ ಕಲಿಸುವವರು ನಾವೇ ಅಲ್ಲವೇ? ಲೆಕ್ಕ ತಪ್ಪಿದ ಹುಡುಗ ರಬ್ಬರಿಗೆ ಎಂಜಲು ಹಚ್ಚಿ ಕಾಗದ ತೂತಾಗುವವರೆಗೆ ಉಜ್ಜುವುದನ್ನು ಪ್ರತಿದಿನ ನೋಡುತ್ತೇವೆ. ಉತ್ತರ ಎಲ್ಲಿ ದಾರಿ ತಪ್ಪಿತೆಂದು ಅಧ್ಯಾಪಕರು ಕಂಡುಹಿಡಿಯಬೇಕಾದ ಜಾಗವೇ ಆ ತೂತು. ದೊಡ್ಡವರ ಕಚೇರಿಗಳಲ್ಲಿಯೂ ಅಷ್ಟೆ. ಏನಾದರೂ ಕೆಟ್ಟಾಗ ಕುರ್ಚಿಯಲ್ಲಿರುವ ನಾವು ಮೊದಲು ಕೇಳುವ ಪ್ರಶ್ನೆ ‘ಯಾರು ಮಾಡಿದ್ದು?’ ಎಂದು. ‘ಹೇಗೆ ಆಯಿತು?’ ಎಂಬುದು ಎರಡನೆಯದು. ಅನೇಕ ವೇಳೆ ಅದನ್ನು ಕೇಳುವುದೇ ಇಲ್ಲ.

ವಿಮಾನ ನಡೆಸುವವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ೧೯೭೬ರಲ್ಲಿ ಅಮೆರಿಕದಲ್ಲಿ ಒಂದು ವ್ಯವಸ್ಥೆ ಆರಂಭವಾಯಿತು. ಉದ್ದೇಶಪೂರ್ವಕವಲ್ಲದ ತಪ್ಪು ಮಾಡಿದ ಪೈಲಟನು ಹತ್ತು ದಿನಗಳೊಳಗೆ ತಾನಾಗಿಯೇ ಬರೆದು ತಿಳಿಸಿದರೆ, ಕೆಲವು ನಿಬಂಧನೆಗಳಿಗೆ ಒಳಪಟ್ಟು ಅವನಿಗೆ ಶಿಕ್ಷೆಯ ಮಾಫಿಯುಂಟು. ಆ ವರದಿಗಳನ್ನು ಸ್ವೀಕರಿಸುವುದು ವಿಮಾನಯಾನದ ಕಾನೂನು ಜಾರಿ ಮಾಡುವ ಇಲಾಖೆಯಲ್ಲ, ನಾಸಾ ಸಂಸ್ಥೆ; ಅಲ್ಲಿ ಹೆಸರು ಕಳಚಿ ತಪ್ಪನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಇದು ಕೇವಲ ದಯೆಯಲ್ಲ. ಅದೇ ತಪ್ಪನ್ನು ನಾಳೆ ಇನ್ನೊಬ್ಬ ಪೈಲಟನು ಮಾಡಿದರೆ ನೂರಾರು ಪ್ರಾಣಗಳ ಪ್ರಶ್ನೆ.

ನಮ್ಮ ದೇಶದ ದೃಷ್ಟಾಂತವನ್ನು ತಾವೆಲ್ಲ ಬಲ್ಲಿರಿ. ನಮ್ಮ ಮಕ್ಕಳ ಭಾಷಣಸ್ಪರ್ಧೆಗಳಲ್ಲಿ ಅದು ಪ್ರತಿವರ್ಷ ಬರುತ್ತದೆ. ೧೯೭೯ರ ಆಗಸ್ಟ್ ೧೦ರಂದು ಶ್ರೀಹರಿಕೋಟೆಯಿಂದ ಹಾರಿದ ಎಸ್‌.ಎಲ್‌.ವಿ.-೩ ಬಂಗಾಳಕೊಲ್ಲಿಗೆ ಬಿದ್ದಿತು. ಕಂಪ್ಯೂಟರು ತಡೆದರೂ ಮುಂದುವರಿಯೋಣವೆಂದು ನಿಶ್ಚಯಿಸಿದವರು ತಾವೇ ಎಂದು ಅಬ್ದುಲ್ ಕಲಾಂ ಅವರು ಮುಂದೆ ಹಲವು ಕಡೆ ಹೇಳಿದ್ದಾರೆ. ಪತ್ರಕರ್ತರ ಮುಂದೆ ಕುಳಿತು ಹೊಣೆ ಹೊತ್ತವರು ಮಾತ್ರ ಅಧ್ಯಕ್ಷರಾದ ಸತೀಶ್ ಧವನ್. ೧೯೮೦ರ ಜುಲೈ ೧೮ರಂದು ಗೆದ್ದಾಗ ಅದೇ ಸ್ಥಾನಕ್ಕೆ ಅವರು ಕಲಾಂ ಅವರನ್ನು ಕಳುಹಿಸಿದರು. ಮಕ್ಕಳು ಇದನ್ನು ಕಲಾಂ ಅವರ ಕಥೆಯೆಂದು ಹೇಳುತ್ತಾರೆ. ಕುರ್ಚಿಯಲ್ಲಿರುವವರು ಧವನರ ಕಥೆಯೆಂದು ಕೇಳಬೇಕು.

ನಮ್ಮ ಗಡಿಸೀಮೆಯ ಶಾಲೆಗಳಲ್ಲಿ ತಪ್ಪಿಗೆ ಅವಕಾಶ ಸ್ವಲ್ಪ ಹೆಚ್ಚೇ. ಒಂದು ಮಗುವಿನ ಹೆಸರು ಕನ್ನಡ, ಮಲಯಾಳ, ಇಂಗ್ಲಿಷ್ ಎಂಬ ಮೂರು ಲಿಪಿಗಳನ್ನು ದಾಟಬೇಕು. ಶ್ರೀಕಾರವೊಂದನ್ನೇ ಇಂಗ್ಲಿಷಿನಲ್ಲಿ ಒಬ್ಬರು ಎಸ್‌-ಆರ್‌-ಐ ಎಂದು, ಇನ್ನೊಬ್ಬರು ನಡುವೆ ಎಚ್ ಸೇರಿಸಿ, ಮತ್ತೊಬ್ಬರು ಕೊನೆಗೆ ಎರಡು ಇ ಇಟ್ಟು ಬರೆಯುತ್ತಾರೆ. ಆದುದರಿಂದ ನಮ್ಮ ಶಾಲೆಯ ಆಫೀಸಿನಲ್ಲಿ ಕೆಲವು ವರ್ಷಗಳಿಂದ ನೂರು ಹಾಳೆಯ ಒಂದು ಸಾದಾ ನೋಟುಪುಸ್ತಕವನ್ನಿಟ್ಟಿದ್ದೇವೆ. ತಪ್ಪು ಕಂಡವರು, ತಮ್ಮದಾದರೂ ಇತರರದಾದರೂ, ಏನು ಕೆಟ್ಟಿತು, ಹೇಗೆ ಸರಿಪಡಿಸಲಾಯಿತು ಎಂಬುದನ್ನು ಅದರಲ್ಲಿ ಬರೆಯಬೇಕು, ಹೆಸರು ಬೇಡ. ಮೊದಲ ಆರು ತಿಂಗಳು ಅದರಲ್ಲಿ ಒಂದಕ್ಷರವೂ ಬೀಳಲಿಲ್ಲ. ನಮ್ಮ ಮುಖ ನೋಡಿ ಯಾರು ಬರೆದಾರು? ಕೊನೆಗೆ ಮೊದಲ ಪುಟದಲ್ಲಿ ನಾವೇ ಆ ಆರು ಒಂಬತ್ತಾದ ಕಥೆಯನ್ನು ಬರೆದು, ಕೆಳಗೆ ನಮ್ಮ ಹೆಸರನ್ನೂ ಹಾಕಿದೆವು. ಈಗ ಹದಿನೇಳು ಪುಟಗಳು ತುಂಬಿವೆ. ಅವುಗಳಲ್ಲಿ ನಾಲ್ಕು ನಮ್ಮ ಕೈಬರಹದಲ್ಲಿವೆ. ಈ ವರ್ಷ ಹತ್ತನೆಯ ತರಗತಿಯ ಪಟ್ಟಿ ಕಳುಹಿಸುವ ಹಿಂದಿನ ಸಂಜೆ ಹೊಸ ಟೀಚರೊಬ್ಬರು ಅದನ್ನು ಕೇಳಿ ಪಡೆದು, ಒಬ್ಬ ಹುಡುಗಿಯ ಹೆಸರಿನ ಶ್ರೀಕಾರದ ಬಗ್ಗೆ ಎರಡು ಸಾಲು ಬರೆದು, ಹೆಸರು ಬೇಡವೆಂದಿದ್ದರೂ ಸಹಿ ಹಾಕಿ ಕೊಟ್ಟರು.